ನಿಂತಾಗ ಅಳೆಯದ ಬಿಪಿ, ಕೇಳದೆ ನುಂಗುವ ಆಸ್ಪಿರಿನ್

ಹೃದಯದ ಔಷಧಗಳ ದೊಡ್ಡ ಅಧ್ಯಯನಗಳಲ್ಲಿ ಬಹುಕಾಲ ಎಪ್ಪತ್ತೈದು ದಾಟಿದವರಿಗೆ ಜಾಗ ಸಿಗುತ್ತಿದ್ದುದೇ ಅಪರೂಪ. ನಾಲ್ಕಾರು ಕಾಯಿಲೆ, ಹಿಡಿ ತುಂಬ ಮಾತ್ರೆ ಇರುವವರನ್ನು ಸೇರಿಸಿಕೊಂಡರೆ ಲೆಕ್ಕ ಕೆಡುತ್ತದೆ ಎಂದು ಹೊರಗಿಡುತ್ತಿದ್ದರು. ಐವತ್ತೈದರವರಲ್ಲಿ ಸಾಬೀತಾದದ್ದನ್ನು ಎಂಬತ್ತರವರಿಗೆ ಅಂದಾಜಿನ ಮೇಲೆ ಬರೆದುಕೊಡುವುದು ರೂಢಿಯಾಯಿತು. ಈಚಿನ ಇಪ್ಪತ್ತು ವರ್ಷಗಳಲ್ಲಿ ಹಿರಿಯರನ್ನೇ ಸೇರಿಸಿಕೊಂಡ ಅಧ್ಯಯನಗಳು ಬಂದವು, ಕೆಲವು ಅಂದಾಜುಗಳು ತಲೆಕೆಳಗಾದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿ ಹಳೆಯ ಅಂದಾಜೇ ಇನ್ನೂ ಕೂತಿದೆ.

ಮೊದಲು ಆಸ್ಪಿರಿನ್. ‘ರಕ್ತ ತೆಳು ಮಾಡುವ ಮಾತ್ರೆ, ಒಂದಿರಲಿ’ ಎಂದು ಹೃದಯಾಘಾತವೂ ಆಗದ, ಸ್ಟೆಂಟೂ ಇಲ್ಲದ ಹಿರಿಯರು ದಿನಾ 75 ಮಿಲಿಗ್ರಾಂ ನುಂಗುತ್ತಾರೆ. 2018ರಲ್ಲಿ ಪ್ರಕಟವಾದ ಆಸ್ಪ್ರೀ ಅಧ್ಯಯನ ಇಂಥವರನ್ನೇ ನೋಡಿತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನ, ಬಹುಪಾಲು ಎಪ್ಪತ್ತು ದಾಟಿದವರು, ದಿನಕ್ಕೆ 100 ಮಿಲಿಗ್ರಾಂ, ಸುಮಾರು ಐದು ವರ್ಷ. ಹೃದ್ರೋಗದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಹೆಚ್ಚಾಯಿತು: ಹೋಲಿಕೆಗೆಂದು ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 2.8, ಆಸ್ಪಿರಿನ್ ನುಂಗಿದವರಲ್ಲಿ 3.8. ನಮ್ಮಲ್ಲಿ ಇದರ ಜೊತೆಗೆ ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫಿನ್ಯಾಕ್ ಸೇರಿಕೊಳ್ಳುತ್ತದೆ. ಎರಡೂ ಕೂಡಿದರೆ ಹೊಟ್ಟೆಯ ಒಳಪದರಕ್ಕೆ ರಕ್ಷಣೆಯೇ ಇಲ್ಲ. ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಅದು ಒಳಗೆ ಸುರಿದ ರಕ್ತ ಎಂದೇ ತಿಳಿದು ಆಸ್ಪತ್ರೆಗೆ ಬನ್ನಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಕಪ್ಪಾಗುವುದುಂಟು, ಆದರೆ ಆ ತೀರ್ಮಾನ ವೈದ್ಯರದಾಗಿರಲಿ.

ಇಷ್ಟು ಓದಿ ಆಸ್ಪಿರಿನ್ ಎಸೆಯಬೇಡಿ. ಒಮ್ಮೆ ಹೃದಯಾಘಾತ ಆದವರು, ಸ್ಟೆಂಟ್ ಅಥವಾ ಬೈಪಾಸ್ ಆದವರು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರು ತಾವಾಗಿ ನಿಲ್ಲಿಸಿದರೆ ಅಪಾಯ, ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಂತೂ ಹೆಚ್ಚು.

ಬಿಪಿಯ ಕಥೆ ಉಲ್ಟಾ. ‘ವಯಸ್ಸಾದ ಮೇಲೆ 170 ಇದ್ದರೆ ಸಹಜ’ ಎಂಬ ಮಾತು ಇವತ್ತಿಗೂ ಕೇಳುತ್ತದೆ. ಎಂಬತ್ತು ದಾಟಿದ 3,845 ಜನರ ಮೇಲೆ ನಡೆದ ಹೈವೆಟ್ ಅಧ್ಯಯನ 2008ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಮೇಲಿನ ಅಂಕಿ 160 ದಾಟಿದವರಿಗೆ ಇಂಡಪಮೈಡ್ ಎಂಬ ಬಿಪಿ ಮಾತ್ರೆ, ಸಾಲದಿದ್ದರೆ ಜೊತೆಗೆ ಪೆರಿಂಡೊಪ್ರಿಲ್ ಎಂಬ ಇನ್ನೊಂದನ್ನು ಕೊಟ್ಟು 150/80ಕ್ಕೆ ತರುವುದು ಗುರಿ. ಎರಡು ವರ್ಷ ತುಂಬುವುದರೊಳಗೆ, ಖಾಲಿ ಮಾತ್ರೆಯವರಿಗೆ ಹೋಲಿಸಿದರೆ, ಹೃದಯ ವೈಫಲ್ಯ ನೂರಕ್ಕೆ 64ರಷ್ಟು, ಒಟ್ಟು ಸಾವು 21ರಷ್ಟು ಇಳಿದವು. ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2015ರ ಸ್ಪ್ರಿಂಟ್ ಅಧ್ಯಯನ ಇನ್ನೂ ಮುಂದೆ ಹೋಗಿ, ಎಪ್ಪತ್ತೈದು ದಾಟಿದವರಲ್ಲೂ ಮೇಲಿನ ಅಂಕಿಯನ್ನು 120ರ ಕೆಳಗೆ ಇಳಿಸಿದರೆ ಲಾಭವಿದೆ ಎಂದಿತು.

ಈ ಅಂಕಿಗಳನ್ನು ಹಾಗೆಯೇ ಎತ್ತಿ ತರುವ ಮುನ್ನ ಎರಡು ಸಂಗತಿ ನೋಡಬೇಕು. ಸ್ಪ್ರಿಂಟ್‌ನಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದರು. ಬಸ್ಸಿಳಿದು, ಮೆಟ್ಟಿಲು ಹತ್ತಿ, ಎಲೆ‌ಅಡಿಕೆ ಬಾಯಲ್ಲಿಟ್ಟುಕೊಂಡು, ಅಂಗಿ ತೋಳಿನ ಮೇಲೆ ಪಟ್ಟಿ ಸುತ್ತಿಸಿಕೊಂಡ 150 ಅದೇ 150 ಅಲ್ಲ. ಎರಡನೆಯದು, ನಿಂತಾಗ ಬಿಪಿ ತೀರಾ ಕಡಿಮೆ ಇರುವವರನ್ನು ಎರಡೂ ಅಧ್ಯಯನಗಳು ಸೇರಿಸಿಕೊಳ್ಳಲಿಲ್ಲ. ಹೈವೆಟ್‌ನಲ್ಲಿ ಆ ಗಡಿ 140, ಸ್ಪ್ರಿಂಟ್‌ನಲ್ಲಿ 110. ಅಂದರೆ ಎದ್ದರೆ ಕಣ್ಣು ಕತ್ತಲೆ ಬರುವ ಅಜ್ಜನಿಗೆ ಈ ಫಲಿತಾಂಶ ಹೊಂದುವುದೇ ಇಲ್ಲ.

ಆದ್ದರಿಂದ ಮನೆಯಲ್ಲಿ ಹೀಗೆ ಅಳೆಯಿರಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಎಲೆ‌ಅಡಿಕೆ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗಿದ ಕುರ್ಚಿ, ನೆಲಕ್ಕೆ ಊರಿದ ಪಾದ, ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟ ಬರಿ ತೋಳು. ಐದು ನಿಮಿಷ ಮಾತಿಲ್ಲ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆಯಿರಿ. ಆಮೇಲೆ ಎದ್ದು ನಿಲ್ಲಲಿ, ಪಕ್ಕದಲ್ಲೊಬ್ಬರು ಇರಲಿ, ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಕುಸಿದರೆ ವೈದ್ಯರಿಗೆ ತೋರಿಸುವವರೆಗೆ ಹೊಸ ಮಾತ್ರೆ ಸೇರಿಸುವ ಮಾತಿಲ್ಲ. ಪಟ್ಟಿಯ ಅಳತೆಯೂ ಮುಖ್ಯ: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಪಿಯನ್ನು ಹೆಚ್ಚು ತೋರಿಸುತ್ತದೆ, ಸೊರಗಿದ ತೋಳಿಗೆ ದೊಡ್ಡದು ಕಡಿಮೆ ತೋರಿಸುತ್ತದೆ. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಮನೆಯ ಯಂತ್ರವನ್ನು ನಂಬಬೇಡಿ, ಇಸಿಜಿ ಮಾಡಿಸಿ.

ಮಲೆನಾಡಿನ ಮಳೆಗಾಲಕ್ಕೆ ಒಂದು ಸೇರ್ಪಡೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಊಟದಲ್ಲಿ ಮಿಡಿ ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರುತ್ತದೆ. ಇಡೀ ದಿನಕ್ಕೆ ಉಪ್ಪು ಒಂದು ಟೀ ಚಮಚ, 5 ಗ್ರಾಂ, ದಾಟಬಾರದು. ಅದೇ ಮನುಷ್ಯ ಹಂಡೆಯ ಬಿಸಿನೀರು ಹೊಯ್ದುಕೊಂಡು ಏಳುವಾಗ ನಾಳಗಳು ಒಮ್ಮೆಲೇ ಹಿಗ್ಗಿ ಬಿಪಿ ಬೀಳುತ್ತದೆ. ಬೆಳಗಿನ ಬಿಪಿ ಮಾತ್ರೆ, ಪ್ರಾಸ್ಟೇಟಿಗೆಂದು ಕೊಟ್ಟ ಟ್ಯಾಮ್ಸುಲೋಸಿನ್, ಜಾರುವ ಬಚ್ಚಲು, ಎತ್ತರದ ಹೊಸ್ತಿಲು: ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು. ಬಚ್ಚಲಲ್ಲೊಂದು ಮಣೆಯೋ ಸ್ಟೂಲೋ, ಗೋಡೆಗೆ ಹಿಡಿಕೆ, ಮೈ ಒರೆಸಿಕೊಂಡು ಎರಡು ನಿಮಿಷ ಕೂತು ಏಳುವ ಅಭ್ಯಾಸ ಇರಲಿ.

ಇನ್ನು ಹೃದಯಾಘಾತ. ಹಿರಿಯರಲ್ಲಿ ಎದೆನೋವೇ ಬರಬೇಕೆಂದಿಲ್ಲ. ಮೇಲುಸಿರು, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು, ತಲೆ ಸುತ್ತಿ ಬೀಳುವುದು ಇಷ್ಟೇ ಇರಬಹುದು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಮರೆಯಾಗಿರುತ್ತದೆ. ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಾಗಲೆಂದು ಕಾಯುವುದೇ ದೊಡ್ಡ ನಷ್ಟ. ನೇರ ಶಿವಮೊಗ್ಗಕ್ಕೇ ಒಯ್ಯಬೇಕೆಂಬ ಹಟವೂ ಬೇಡ. ಘಾಟಿ, ಮಳೆ, ಬಿದ್ದ ಮರ ದಾಟಿ ಬರುವಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. 108ಕ್ಕೆ ಕರೆ ಮಾಡಿ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲಿ ಸಿಕ್ಕರೆ ಅದು ಸೇರಿದ ಮೇಲೆ ಪ್ರಯಾಣ.

ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿಗೆ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ತಲುಪಲಾಗದವರಿಗೆ ಇದೇ ಟೆನೆಕ್ಟೆಪ್ಲೇಸ್ ಕೊಟ್ಟು ನೋಡಿದ ಸ್ಟ್ರೀಮ್ ಅಧ್ಯಯನ 2013ರಲ್ಲಿ ಹೊರಬಂತು. ಎಪ್ಪತ್ತೈದು ದಾಟಿದವರ ಮಿದುಳಿನಲ್ಲಿ ರಕ್ತಸ್ರಾವ ಕಂಡಾಗ ಸಂಶೋಧಕರು ಅವರಿಗೆ ಕೊಡುವ ಆ ಔಷಧದ ಪ್ರಮಾಣವನ್ನು ನಡುವಿನಲ್ಲೇ ಅರ್ಧಕ್ಕೆ ಇಳಿಸಿದರು. ಹಾಗಾಗಿ ವೈದ್ಯರು ವಯಸ್ಸು ಕೇಳಿದಾಗ ‘ಎಪ್ಪತ್ತರ ಮೇಲಾಗಿರಬಹುದು’ ಎನ್ನದೆ ಆಧಾರ್ ಕಾರ್ಡ್ ತೋರಿಸಿ. ನೋವು ಶುರುವಾದ ಸಮಯ, ಹಿಂದೆ ಲಕ್ವ ಆಗಿತ್ತೇ, ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿತ್ತೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ಇದೆಯೇ ಎಂಬುದನ್ನೂ ಹೇಳಿ. ಮಾತ್ರೆ ಡಬ್ಬಿಯನ್ನೇ ಜೊತೆಗೆ ಒಯ್ಯಿರಿ. ದಿನಾ ನುಂಗಬೇಡಿ ಎಂದ ಅದೇ ಆಸ್ಪಿರಿನ್‌ನ 300 ಮಿಲಿಗ್ರಾಂ ಅನ್ನು ಅಲ್ಲಿ ಜಗಿಯಲು ಕೊಡುತ್ತಾರೆ. ಆಗ ಬೇಡ ಎನ್ನಬೇಡಿ.