ವಿಮ್ ನಿಧಾನವಾಗಲು ಬಿಸಿಲು ಕಾರಣವಲ್ಲ

ಪ್ರಶ್ನೆ: ಸರ್, ವಿಮ್‌ನಾಗ ವಿಮ್‌ಆರ್‌ಸಿ ಫೈಲ್ ತಿದ್ದಿ ಸೇವ್ ಕೊಟ್ರ ಮೊದಮೊದಲು ಚಲೋ ಇರ್ತದ. ಆಮ್ಯಾಗ ಕರ್ಸರ್ ನಿಂತೇಬಿಡ್ತದ್ರಿ. ಬಿಸಿಲಿಗೆ ಲ್ಯಾಪ್‌ಟಾಪ್ ಕಾದು ಹಿಂಗ ಆಗ್ತದೇನ್ರಿ?

ವಿಮ್ ಎಂದರೆ ಕೋಡ್ ಬರೆಯುವ ಟೆಕ್ಸ್ಟ್ ಎಡಿಟರ್, ವಿಮ್‌ಆರ್‌ಸಿ ಅದರ ಸೆಟ್ಟಿಂಗ್‌ಗಳ ಫೈಲ್. ಪ್ರಶ್ನೆ ಮಾನ್ವಿಯಿಂದ ಬರಲಿ, ಸಿಂಧನೂರಿನಿಂದ ಬರಲಿ, ಕೊನೆಯ ಸಾಲು ಇದೇ. ಎಷ್ಟು ಸಲ ಹೇಳಿದರೂ ಬಿಸಿಲಿನ ಮೇಲಿನ ಗುಮಾನಿ ಹೋಗುತ್ತಿಲ್ಲ. ಹಾಗಾಗಿ ಮೊದಲು ಅದನ್ನೇ ಬಗೆಹರಿಸೋಣ.

ಕಾವು ಮಿತಿಮೀರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುವುದು ನಿಜ. ಆದರೆ ಆಗ ಬ್ರೌಸರ್, ವಿಡಿಯೊ, ಕಂಪೈಲ್ ಎಲ್ಲವೂ ಕುಂಟಬೇಕು. ನಿಮ್ಮಲ್ಲಿ ಕುಂಟುತ್ತಿರುವುದು ಒಂದೇ ಒಂದು ಫೈಲಿನ ಸೇವ್. ವಿಮ್ ಮುಚ್ಚಿ ತಕ್ಷಣ ತೆರೆಯಿರಿ, ಮೊದಲ ಸೇವ್ ಥಟ್ಟನೆ ಆಗುತ್ತದೆ. ಅಷ್ಟರಲ್ಲಿ ರಾಯಚೂರಿನ ಬಿಸಿಲು ಇಳಿದುಹೋಯಿತೇ? ಡಿಸೆಂಬರ್‌ನ ನಸುಕಿನಲ್ಲಿ ಎದ್ದು ಅದೇ ಫೈಲನ್ನು ಮತ್ತೆಮತ್ತೆ ಸೇವ್ ಮಾಡಿ, ಆಗಲೂ ಇದೇ ಕಥೆ. ದಯವಿಟ್ಟು ಲ್ಯಾಪ್‌ಟಾಪನ್ನು ಕೂಲರ್ ಎದುರು ಇಡಬೇಡಿ. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ಒಳಗಿನ ಬೋರ್ಡಿಗೆ ಕೇಡು. ರ‍್ಯಾಮ್ ಹೆಚ್ಚಿಸಿದರೂ ಇದು ಹೋಗುವುದಿಲ್ಲ. 1991ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ಹೊರಬಂದ ಎಡಿಟರ್ ಇದು, ಇಂದಿನ ಯಾವ ಲ್ಯಾಪ್‌ಟಾಪಿಗೂ ಭಾರವಲ್ಲ.

ಕಾರಣ ನಿಮ್ಮ ಫೈಲಿನಲ್ಲೇ ಇದೆ. 'ಈ ಫೈಲ್ ಸೇವ್ ಆದೊಡನೆ ಇದನ್ನೇ ಮತ್ತೆ ಸೋರ್ಸ್ ಮಾಡು' ಎಂಬ ಆಟೊಕಮಾಂಡ್ (ತಾನಾಗಿ ಓಡುವ ಆದೇಶ) ಸಾಲನ್ನು ಎಲ್ಲಿಂದಲೋ ತಂದು ಹಾಕಿರುತ್ತೀರಿ. ಸೋರ್ಸ್ ಎಂದರೆ ಫೈಲನ್ನು ಓದಿ ಅದರ ಸಾಲುಗಳನ್ನು ನಡೆಸುವುದು. ಸೋರ್ಸ್ ಆದಾಗ ವಿಮ್ ಹಳೆಯ ಆಟೊಕಮಾಂಡನ್ನು ಅಳಿಸುವುದಿಲ್ಲ, ಅದರ ಪಕ್ಕಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಮುಂದಿನ ಸೇವ್‌ಗೆ ಎರಡೂ ಓಡುತ್ತವೆ, ಎರಡೂ ಒಂದೊಂದನ್ನು ಸೇರಿಸುತ್ತವೆ. ಎರಡು ನಾಲ್ಕು, ನಾಲ್ಕು ಎಂಟು. ಹತ್ತನೇ ಸೇವ್‌ಗೆ ವಿಮ್ ಆ ಫೈಲನ್ನು 512 ಸಲ ಓದುತ್ತದೆ. ಮುಗಿದಾಗ ಪಟ್ಟಿಯಲ್ಲಿ 1024 ಕೂತಿರುತ್ತವೆ. ಕರ್ಸರ್ ನಿಲ್ಲದೆ ಇನ್ನೇನು ಮಾಡೀತು?

ಕಣ್ಣಾರೆ ನೋಡಬೇಕೆಂದರೆ ಕೋಲನ್ ಒತ್ತಿ 'ಆಟೊಸಿಎಂಡಿ ಬಫ್‌ರೈಟ್‌ಪೋಸ್ಟ್' ಎಂದು ಕೊಡಿ, ಸೇವ್ ಆದ ಮೇಲೆ ಓಡುವ ಆಟೊಕಮಾಂಡ್‌ಗಳ ಪಟ್ಟಿ ಬರುತ್ತದೆ. ಒಂದೇ ಸೋರ್ಸ್ ಸಾಲು ಪರದೆ ತುಂಬ ಇಳಿಯುತ್ತದೆ. ಕೆಳಗೆ 'ಮೋರ್' ಎಂದು ಬರುತ್ತದೆ, ಸ್ಪೇಸ್ ಒತ್ತಿದರೆ ಮತ್ತೆ ಅದೇ ಸಾಲು, ಮತ್ತೆ 'ಮೋರ್'. ಇದನ್ನು ತಾವೇ ಕಂಡ ವಿದ್ಯಾರ್ಥಿ ಬಿಸಿಲಿನ ಮಾತು ಮತ್ತೆ ಎತ್ತಿದ್ದಿಲ್ಲ.

ಪರಿಹಾರ ಸಣ್ಣದು. ಆಟೊಕಮಾಂಡ್‌ಗಳನ್ನೆಲ್ಲ ಒಂದು ಹೆಸರಿಟ್ಟ ಆಗ್ರೂಪ್ (ಆಟೊಕಮಾಂಡ್‌ಗಳ ಗುಂಪು) ಒಳಗೆ ಹಾಕಿ. ಅದರ ಮೊದಲ ಸಾಲಿನಲ್ಲಿ ಬರೀ 'ಆಟೊಸಿಎಂಡಿ' ಬರೆದು, ಅಂಟಿಕೊಂಡಂತೆ ಆಶ್ಚರ್ಯಸೂಚಕ ಚಿಹ್ನೆ ಇಡಿ. ಕೊನೆಗೆ 'ಆಗ್ರೂಪ್ ಎಂಡ್'. ಆ ಚಿಹ್ನೆ ಗುಂಪಿನ ಹಳೆಯದನ್ನೆಲ್ಲ ಗುಡಿಸಿದ ಮೇಲೆಯೇ ಹೊಸದು ಸೇರುತ್ತದೆ. ಬಹಳ ಮಂದಿ ಆಗ್ರೂಪ್ ಹಾಕಿ ಈ ಸಾಲನ್ನೇ ಬಿಡುತ್ತಾರೆ; ಬಿಟ್ಟರೆ ಗುಂಪು ಕಟ್ಟಿಯೂ ಉಪಯೋಗವಿಲ್ಲ. ತಿದ್ದಿದ ಮೇಲೆ ಒಮ್ಮೆ ವಿಮ್ ಮುಚ್ಚಿ ತೆರೆಯಿರಿ, ಆಗಲೇ ತುಂಬಿಕೊಂಡಿರುವುದು ಹೋಗಬೇಕಲ್ಲ. ವಿಮ್ ತೆರೆಯುವುದೇ ನಿಧಾನವಾಗಿದ್ದರೆ ಅದು ಬೇರೆ ರೋಗ, 'ಸ್ಟಾರ್ಟಪ್‌ಟೈಮ್' ಆಯ್ಕೆ ಕೊಟ್ಟು ತೆರೆದು ಯಾವ ಪ್ಲಗಿನ್ ಹೊತ್ತು ತಿನ್ನುತ್ತಿದೆ ನೋಡಿ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 'ಸೆಟ್ ನಂಬರ್' ಸಾಲನ್ನು ಅಳಿಸಿ ಸೋರ್ಸ್ ಮಾಡಿದರೂ ಸಾಲಿನ ಸಂಖ್ಯೆ ಪರದೆಯ ಮೇಲೆ ಹಾಗೇ ಇರುತ್ತದೆ. ಸೋರ್ಸ್ ಎಂದರೆ ಫೈಲಿನಲ್ಲಿ ಇರುವುದನ್ನು ನಡೆಸುವುದು ಮಾತ್ರ. ಇಲ್ಲದ ಸಾಲು ಏನನ್ನೂ ರದ್ದು ಮಾಡುವುದಿಲ್ಲ. ಸಂಖ್ಯೆ ಹೋಗಬೇಕೆಂದರೆ 'ಸೆಟ್ ನೋನಂಬರ್' ಎಂದು ಕೊಡಿ, ಇಲ್ಲವೇ ವಿಮ್ ಮುಚ್ಚಿ ಮತ್ತೆ ತೆರೆಯಿರಿ.