ಪುಟ್ಟ ಆಂಪಾ, ರ್ಯಾಕ್ ಆಂಪಾ? (ಅರ್ಧಕ್ಕರ್ಧ ಓಮ್ ಪುರಾಣ)

ನಿನ್ನೆ ರಾತ್ರಿ ಕರೆಂಟ್ ಹೋದಾಗ ಚಾರ್ಜರ್ ಲೈಟ್ ಇಟ್ಕೊಂಡು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕ್ತಾ ಕೂತಿದ್ದೆ, ಅಂತೂ ತಲೆಗೆ ಹೋಯ್ತು. ಎರಡು ತಿಂಗಳಿಂದ ಒದ್ದಾಡ್ತಿದ್ದ ವಿಷಯ, ಆಂಪ್ ಮತ್ತು ಸ್ಪೀಕರ್ ಮೇಲೆ ಬರೆದಿರೋ ಓಮಿನ ಲೆಕ್ಕ. ಮರೆತೋಗ್ತದೆ ಅಂತ ಬರೆದಿಡ್ತಿದೀನಿ, ನನ್ನ ಹಾಗೇ ಗಿಟಾರ್ ಕಲೀತಾ ಆಂಪ್ ತಗೊಳ್ಳೋಕೆ ಹೊರಟೋರಿಗೆ ಉಪಯೋಗ ಆದ್ರೆ ಆಗ್ಲಿ.

ನನ್ನ ಪರಿಸ್ಥಿತಿ ಇಷ್ಟು. ಮನೆ ಶಿವಮೊಗ್ಗ ವಿನೋಬನಗರ, ಪ್ರಾಕ್ಟೀಸ್ ತೀರ್ಥಹಳ್ಳಿ ಹತ್ರ ಗೆಳೆಯನ ಮನೆಯ ಅಡಿಕೆ ಗೋದಾಮಲ್ಲಿ (ಕೊಯ್ಲಿನ ಟೈಮಲ್ಲಿ ಅದೂ ಇಲ್ಲ, ಅಡಿಕೆ ತುಂಬಿರ್ತದೆ). 12 ಇಂಚಿನ ಎರಡು ಸ್ಪೀಕರ್ ಇರೋ ಕ್ಯಾಬಿನೆಟ್ ಅಲ್ಲೇ ಇದೆ. ನನ್ನ ಹತ್ರ ಮಲ್ಟಿ ಎಫೆಕ್ಟ್ಸ್ ಪೆಡಲ್ ಇದೆ, ಟೋನ್ ಮಾಡೋದೆಲ್ಲ ಅದರಲ್ಲೇ. ಬೇಕಿರೋದು ಇವೆರಡರ ನಡುವೆ ಕೂರೋ ಪವರ್ ಆಂಪ್ (ಪೆಡಲ್ಲಿಂದ ಬರೋ ಸಣ್ಣ ಸಿಗ್ನಲ್ಲನ್ನ ಸ್ಪೀಕರ್ ಓಡಿಸೋಷ್ಟು ದೊಡ್ಡದು ಮಾಡೋದು) ಒಂದೇ. ಅದು ಪೆಡಲ್ ಸೈಜಲ್ಲೂ ಟಿಫನ್ ಕ್ಯಾರಿಯರ್ ಸೈಜಲ್ಲೂ ಸಿಗ್ತದೆ, ಇಲ್ಲಾಂದ್ರೆ ರ್ಯಾಕಿಗೆ ಸ್ಕ್ರೂ ಹಾಕಿ ಕೂರಿಸೋ ಥರದ್ದು.

ಸೈಜಿನ ವಿಷ್ಯ, ಬೇಗ ಮುಗಿಸ್ತೀನಿ

ರ್ಯಾಕ್ ಅಂದ್ರೆ ಮುಂದಿನ ಪ್ಯಾನೆಲ್ 19 ಇಂಚು ಅಗಲ, ಅಂದ್ರೆ 482.6 ಮಿಲಿಮೀಟರ್. ಎತ್ತರ 'ಯು' ಲೆಕ್ಕದಲ್ಲಿ, 1ಯು ಅಂದ್ರೆ 44.45 ಮಿಲಿಮೀಟರ್. ಉದ್ದ ಎಷ್ಟು ಅಂತ ಈ ಅಳತೆಲಿ ಗೊತ್ತಾಗಲ್ಲ, ಕೇಸ್ ತಗೊಳ್ಳೋಕೆ ಮುಂಚೆ ಅದನ್ನ ಬೇರೆ ನೋಡ್ಕೋಬೇಕು, ಹಿಂದ್ಗಡೆ ವೈರ್ ಬಗ್ಗೋಕೂ ಜಾಗ ಬೇಕಲ್ಲ. ಗಿಟಾರಿಸ್ಟ್‌ಗಳು ರ್ಯಾಕ್ ಹುಚ್ಚು ಹಿಡಿಸ್ಕೊಂಡಿದ್ದು 1980ರ ದಶಕದಲ್ಲಿ. 1987ರಲ್ಲಿ ಬಂದ ಎಡಿಎ ಎಂಪಿ-1 ಥರದ 1ಯು ಪ್ರಿಆಂಪ್ (ಗಿಟಾರಿನ ಸಣ್ಣ ಸಿಗ್ನಲ್ ಏರಿಸಿ ಟೋನ್ ಮಾಡೋ ಮೊದಲ ಹಂತ), ಅದರ ಕೆಳಗೆ ಒಂದು ಪವರ್ ಆಂಪ್, ಹೀಗೆ ಒಂದರ ಮೇಲೊಂದು ಪೇರಿಸೋದು. ಆ ಸಾಲಲ್ಲಿ ಮೆಸಾ ಬೂಗಿಯ 2:90 ಅಂತ ಒಂದಿದೆ, 2ಯು ಎತ್ತರ, ಟ್ಯೂಬ್ (ಹಳೇ ರೇಡಿಯೋದಲ್ಲಿರೋ ಗಾಜಿನ ವಾಲ್ವ್ ಥರದ್ದು), ಒಂದೊಂದು ಚಾನೆಲ್ಲಿಗೆ 90 ವ್ಯಾಟ್. ಫೋಟೋ ನೋಡಿದ್ರೇ ಆಸೆ ಆಗ್ತದೆ.

ಚಿಕ್ಕವು ಹೇಗೆ ಅಷ್ಟು ಚಿಕ್ಕವಾದ್ವು ಅಂದ್ರೆ ಕ್ಲಾಸ್ ಡಿ. ಟ್ರಾನ್ಸಿಸ್ಟರ್ ಒಂದೋ ಪೂರ್ತಿ ಆನ್ ಇಲ್ಲ ಪೂರ್ತಿ ಆಫ್, ಮಧ್ಯದಲ್ಲಿ ನಿಂತು ಬಿಸಿ ಆಗೋ ಕೆಲಸ ಇಲ್ಲ, ಹಾಗಾಗಿ ದೊಡ್ಡ ಹೀಟ್‌ಸಿಂಕ್ ಬೇಡ. ಜೊತೆಗೆ ಭಾರದ ಟ್ರಾನ್ಸ್‌ಫಾರ್ಮರ್ ಬದಲು ಮೊಬೈಲ್ ಚಾರ್ಜರ್ ಜಾತಿಯ ಸ್ವಿಚಿಂಗ್ ಸಪ್ಲೈ. ಸೆಮೋರ್ ಡಂಕನ್ ಪವರ್‌ಸ್ಟೇಜ್ 170 ಪೆಡಲ್‌ಬೋರ್ಡ್ ಮೇಲೇ ಕೂರ್ತದೆ, 4 ಓಮಿಗೆ 170 ವ್ಯಾಟ್. ಎಲೆಕ್ಟ್ರೋ ಹಾರ್ಮೋನಿಕ್ಸಿನ 44 ಮ್ಯಾಗ್ನಮ್ ಇನ್ನೂ ಚಿಕ್ಕದು, 8 ಓಮಿಗೆ 44 ವ್ಯಾಟ್.

ಇಲ್ಲಿ ನಾನು ಮಾಡಿದ ದಡ್ಡತನ: 170 ದೊಡ್ಡದಾ 44 ದೊಡ್ಡದಾ ಅಂತ ನೋಡ್ದೆ, ಪಕ್ಕದಲ್ಲಿದ್ದ ಓಮ್ ನೋಡ್ಲೇ ಇಲ್ಲ.

ಓಮ್

ನನ್ನ ತಲೇಲಿ ಕೂತಿದ್ದು ಏನಂದ್ರೆ ಓಮ್ ಜಾಸ್ತಿ ಇದ್ರೆ ಸ್ಪೀಕರ್ ಜಾಸ್ತಿ ಸ್ಟ್ರಾಂಗು. ಪೂರ್ತಿ ಉಲ್ಟಾ. ಓಮ್ ಅಂದ್ರೆ ತಡೆ. ತಡೆ ಕಮ್ಮಿ ಆದಷ್ಟೂ ಕರೆಂಟ್ ಜಾಸ್ತಿ ಹರೀತದೆ, ಆಂಪಿಗೆ ದಂಡನೆ ಜಾಸ್ತಿ. ಆಂಪ್ ಕೊಡೋದು ವೋಲ್ಟೇಜು, ಎಷ್ಟು ಕರೆಂಟ್ ಎಳೀಬೇಕು ಅಂತ ತೀರ್ಮಾನ ಮಾಡೋದು ಸ್ಪೀಕರ್. ಈ ಒಂದು ವಾಕ್ಯ ಯಾರಾದ್ರೂ ಮೊದಲೇ ಹೇಳಿದ್ರೆ ಎರಡು ತಿಂಗಳು ಉಳೀತಿತ್ತು.

ಲೆಕ್ಕ: ವ್ಯಾಟ್ ಅಂದ್ರೆ ವೋಲ್ಟೇಜಿನ ವರ್ಗ ಭಾಗಿಸು ಓಮ್. ಒಂದು ಆಂಪ್ ಚಾನೆಲ್ 20 ವೋಲ್ಟ್ ಕೊಡ್ತದೆ ಅಂತಿಟ್ಕೊಳ್ಳಿ. 8 ಓಮಿಗೆ 400 ಭಾಗಿಸು 8, ಅಂದ್ರೆ 50 ವ್ಯಾಟ್, ಕರೆಂಟ್ 2.5 ಆಂಪಿಯರ್. 4 ಓಮಿಗೆ 100 ವ್ಯಾಟ್, 5 ಆಂಪಿಯರ್. ಅದೇ ಆಂಪು, ಅದೇ ವಾಲ್ಯೂಮು. ಹಾಗಾದ್ರೆ 4 ಓಮಿಗೆ 170 ವ್ಯಾಟ್ ಅಂತ ಬರೆದಿರೋ ಆಂಪ್ 8 ಓಮಿಗೆ ಲೆಕ್ಕದ ಪ್ರಕಾರ 85ರ ಆಸುಪಾಸು. 170ಕ್ಕೂ 44ಕ್ಕೂ ನಾಲ್ಕು ಪಟ್ಟು ಅಂದ್ಕೊಂಡಿದ್ದು ನನ್ನ ಕ್ಯಾಬಿನೆಟ್ ಮುಂದೆ ಎರಡು ಪಟ್ಟಿಗೆ ಇಳೀತು. ಅದರ ಮೇಲೆ ವ್ಯಾಟ್ ಎರಡು ಪಟ್ಟಾದ್ರೆ ಸೌಂಡ್ ಏರೋದು ಬರೀ 3 ಡಿಬಿ (ಡೆಸಿಬೆಲ್). ಕಿವಿಗೆ ಎರಡು ಪಟ್ಟು ಜೋರು ಅನಿಸೋಕೆ ಸುಮಾರು 10 ಡಿಬಿ, ಅಂದ್ರೆ ಹತ್ತು ಪಟ್ಟು ವ್ಯಾಟ್ ಬೇಕು!

ಎರಡು ಸ್ಪೀಕರ್ ಸೇರಿಸೋ ಲೆಕ್ಕದಲ್ಲೂ ಎಡವಿದ್ದೆ. ನಮ್ಮ ಮಾವ ಒಬ್ರು ಮೈಕ್‌ಸೆಟ್ ಇಟ್ಕೊಂಡಿದಾರೆ, ಮದುವೆ, ಗಣಪತಿ, ಯಕ್ಷಗಾನ ಎಲ್ಲದಕ್ಕೂ ಅವರದ್ದೇ. "ಎಂಟಕ್ಕೆ ಎಂಟು ಸೇರಿದ್ರೆ ಹದಿನಾರಲ್ವಾ ಮಾವ?" ಅಂತ ಕೇಳಿದ್ದಕ್ಕೆ ನಕ್ಕು, "ಜಾತ್ರೆಲಿ ದೇವಸ್ಥಾನಕ್ಕೆ ಒಂದು ಬಾಗಿಲಿದ್ರೆ ಜನ ಬೇಗ ಒಳಗೆ ಹೋಗ್ತಾರಾ, ಎರಡಿದ್ರೆ ಬೇಗ ಹೋಗ್ತಾರಾ? ಬಾಗಿಲು ಜಾಸ್ತಿ ಆದ್ರೆ ತಡೆ ಕಮ್ಮಿ ಮಾರಾಯ, ನಾಲ್ಕಾಗ್ತದೆ" ಅಂದ್ರು. ಅದು ಪ್ಯಾರಲಲ್. ಆಂಪ್ ಹಿಂದೆ ಸ್ಪೀಕರ್ ಜ್ಯಾಕ್ ಎರಡಿದ್ರೆ ಸಾಮಾನ್ಯವಾಗಿ ಪ್ಯಾರಲಲ್ಲೇ. ಒಂದು ಬಾಗಿಲು ದಾಟಿದ ಮೇಲೇ ಇನ್ನೊಂದು ಬಾಗಿಲು ಅಂದ್ರೆ ಸೀರೀಸ್, ಆಗ ಹದಿನಾರು.

ಬ್ರಿಡ್ಜ್ ಮೋಡ್, ಇಲ್ಲೇ ನಾನು ಬಿದ್ದಿದ್ದು

ರ್ಯಾಕ್ ಆಂಪಲ್ಲಿ ಸಾಮಾನ್ಯವಾಗಿ ಎರಡು ಚಾನೆಲ್. ಬಹಳಷ್ಟರಲ್ಲಿ ಹಿಂದ್ಗಡೆ ಒಂದು ಬ್ರಿಡ್ಜ್ ಸ್ವಿಚ್ ಇರ್ತದೆ, ಎರಡೂ ಚಾನೆಲ್ ಸೇರಿ ಒಂದಾಗ್ತದೆ. ಹೋದ ವರ್ಷ ಗಣಪತಿ ಪ್ರೋಗ್ರಾಮಿಗೆ ಬಾಡಿಗೆಗೆ ಒಂದು ರ್ಯಾಕ್ ಆಂಪ್ ತಂದು, ಪವರ್ ಜಾಸ್ತಿ ಬರ್ಲಿ ಅಂತ ಬ್ರಿಡ್ಜಿಗೆ ಹಾಕಿ, 8 ಓಮಿನ ಎರಡು ಕ್ಯಾಬಿನೆಟ್ ಪ್ಯಾರಲಲ್ಲಾಗಿ ಚುಚ್ಚಿದ್ವಿ. 4 ಓಮ್ ಆಯ್ತು, ಆಂಪ್ ಮೇಲೂ ಕನಿಷ್ಠ 4 ಓಮ್ ಅಂತ ಇತ್ತು, ಸರಿನೇ ಇದೆಯಲ್ಲ ಅಂದ್ಕೊಂಡ್ವಿ. ಮೂರನೇ ಹಾಡಿಗೆ ಕೆಂಪು ಲೈಟ್ ಹತ್ಕೊಂಡು ಆಂಪ್ ಬಾಯಿ ಮುಚ್ಕೊಳ್ತು. ಮುಂದಿನ ಸಾಲಲ್ಲಿ ಕೂತಿದ್ದ ಅಜ್ಜಿಯೊಬ್ರು "ಮುಗೀತಾ?" ಅಂತ ಕೇಳಿದ್ರು, ಅದರಲ್ಲಿ ಸ್ವಲ್ಪ ಖುಷಿ ಇತ್ತು ಅಂತ ನನ್ನ ಅನುಮಾನ.

ಆಮೇಲೆ ನೋಡಿದ್ರೆ ಅದೇ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಬ್ರಿಡ್ಜಿಗೆ ಕನಿಷ್ಠ 8 ಓಮ್ ಅಂತ ಇತ್ತು. ಯಾಕೆ ಡಬಲ್? ಎರಡು ಚಾನೆಲ್ ಸೇರಿ ಹೊರ್ತಿದಾವೆ ಅಂದ್ರೆ ಭಾರ ಹಂಚಿ ಹೋಗ್ಬೇಕು, ಇನ್ನೂ ಕಮ್ಮಿ ಓಮ್ ತಡ್ಕೋಬೇಕು ಅಲ್ವಾ? ಇಲ್ಲೇ ಎರಡು ತಿಂಗಳು ಸಿಕ್ಕಿಹಾಕಿಕೊಂಡಿದ್ದು.

ನಿಧಾನಕ್ಕೆ ಹೇಳ್ತೀನಿ. ಮಾಮೂಲಿಯಾಗಿ ಸ್ಪೀಕರಿನ ಎರಡು ವೈರನ್ನ ಎರಡು ಕಾಲು ಅಂದ್ಕೊಂಡ್ರೆ, ಒಂದು ಕಾಲು ಚಾನೆಲ್ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ, ಅಂದ್ರೆ ಸೊನ್ನೆ ವೋಲ್ಟ್. ಬ್ರಿಡ್ಜಲ್ಲಿ ಎರಡನೇ ಕಾಲು ನೆಲದ ಮೇಲಿಲ್ಲ, ಎರಡನೇ ಚಾನೆಲ್ ಮೇಲಿದೆ. ಆ ಚಾನೆಲ್ ಉಲ್ಟಾ ಓಡ್ತದೆ, ಮೊದಲನೇದು +20ಕ್ಕೆ ಹೋದಾಗ ಇದು -20ಕ್ಕೆ ಇಳೀತದೆ. ಜೋಗದಲ್ಲಿ ನೀರು 253 ಮೀಟರ್ ಬೀಳ್ತದೆ. ಮೇಲೆ ಏನೂ ಮುಟ್ಟದೆ, ಕೆಳಗಿನ ಗುಂಡಿನ ಇನ್ನೂ 253 ಮೀಟರ್ ತೋಡಿದ್ರೆ ಬೀಳೋ ಎತ್ತರ ಡಬಲ್ ಆಗಲ್ವಾ, ಅದೇ ಕತೆ. ಸ್ಪೀಕರಿಗೆ ಕಾಣೋದು 40 ವೋಲ್ಟ್.

ಈಗ 8 ಓಮ್ ಸ್ಪೀಕರಿಗೆ 40 ವೋಲ್ಟ್ ಕೊಟ್ರೆ 5 ಆಂಪಿಯರ್ ಹರೀತದೆ, 200 ವ್ಯಾಟ್. ಆ 5 ಆಂಪಿಯರ್ ಎಲ್ಲಿಂದ ಬಂತು? ಒಂದು ಚಾನೆಲ್ಲಿಂದ ಹೊರಟು, ಸ್ಪೀಕರ್ ದಾಟಿ, ಇನ್ನೊಂದು ಚಾನೆಲ್ಲಿಗೆ ಹೋಯ್ತು. ಅರ್ಧ ಅವನಿಗೆ ಅರ್ಧ ಇವನಿಗೆ ಅಂತ ಹಂಚಿಲ್ಲ, ಪೂರ್ತಿ 5 ಆಂಪಿಯರ್ ಎರಡರ ಮೂಲಕವೂ ಹೋಗಿದೆ. ಪ್ರತಿ ಚಾನೆಲ್ ತಾನು ಕೊಡ್ತಿರೋದು 20 ವೋಲ್ಟ್, ಹೊರ್ತಿರೋದು 5 ಆಂಪಿಯರ್. 20 ಭಾಗಿಸು 5, ನಾಲ್ಕು. ಅಂದ್ರೆ ಹೊರಗೆ ಇರೋದು 8 ಓಮ್ ಸ್ಪೀಕರ್, ಚಾನೆಲ್ಲಿಗೆ ಅನಿಸೋದು 4 ಓಮ್. ನಾವು ಗಣಪತಿ ಮುಂದೆ 4 ಓಮ್ ಹಾಕಿದ್ವಲ್ಲ, ಆಗ ಚಾನೆಲ್ಲಿಗೆ ಅನಿಸಿದ್ದು 2 ಓಮ್, ಈ ಲೆಕ್ಕದಲ್ಲಿ 10 ಆಂಪಿಯರ್. ಮೂರು ಹಾಡು ತಡ್ಕೊಂಡಿದ್ದೇ ಅದರ ದೊಡ್ಡಗುಣ.

ಭಾರ ಹಂಚಿ ಹೋಗೋದು ವೋಲ್ಟೇಜಲ್ಲಿ, ಕರೆಂಟಲ್ಲಿ ಅಲ್ಲ. ಇದನ್ನ ಮೂರು ಸಲ ಬರೆದ್ಕೊಂಡೆ.

ಇನ್ನೊಂದು: ಪುಟ್ಟ ಕ್ಲಾಸ್ ಡಿ ಆಂಪ್‌ಗಳಲ್ಲಿ ಬಹಳಷ್ಟು ಒಳಗೇ ಬ್ರಿಡ್ಜ್ ಆಗಿರ್ತವೆ, ಸ್ವಿಚ್ ಕಾಣಲ್ಲ ಅಷ್ಟೇ. ಅಂಥದ್ರ ಸ್ಪೀಕರ್ ಜ್ಯಾಕಿನ ಹೊರಗಿನ ಭಾಗ ಗ್ರೌಂಡ್ ಅಲ್ಲ. ಅಲ್ಲಿಂದ ವೈರ್ ತಗೊಂಡು ಮಿಕ್ಸರಿಗೋ ಬೇರೆ ಆಂಪಿಗೋ ಚುಚ್ಚೋ ಪ್ರಯೋಗ ಬೇಡ.

ನನ್ನ ಫೇವರಿಟ್ ಶಾರ್ಟ್‌ಕಟ್

ಕ್ಯಾಬಿನೆಟ್ ಹಿಂದಿನ ಸ್ಟಿಕ್ಕರ್ ಹೋಗಿದ್ರೆ ಮಲ್ಟಿಮೀಟರ್. ಕ್ಯಾಬಿಗೆ ಸ್ಪೀಕರ್ ಕೇಬಲ್ ಚುಚ್ಚಿ, ಆಂಪ್ ಕಡೆ ತುದಿನ ಬಿಚ್ಚಿಟ್ಟು, ಅದರ ಪಿನ್ನಿನ ಚೂಪು ತುದಿಗೂ ತೋಳಿಗೂ (ತುದಿಯ ಹಿಂದಿರೋ ಉದ್ದ ಲೋಹದ ಭಾಗ) ನಡುವೆ ಓಮ್ ಅಳೀರಿ. 8 ಓಮಿನ ಕ್ಯಾಬ್ 8 ತೋರ್ಸಲ್ಲ, 6, 7ರ ಹತ್ರ ತೋರ್ಸ್ತದೆ, ಯಾಕಂದ್ರೆ ಮೀಟರ್ ಅಳೆಯೋದು ತಂತಿಯ ಡಿಸಿ ತಡೆ ಮಾತ್ರ. 3ರ ಮೇಲೆ ಸ್ವಲ್ಪ ಬಂದ್ರೆ 4 ಓಮ್, 12ರ ಹತ್ರ ಬಂದ್ರೆ 16. ಗೆಳೆಯನ ಕ್ಯಾಬ್ 6.4 ಅಂತು, ಒಳಗೆ ನೋಡಿದ್ರೆ 16 ಓಮಿನ ಎರಡು ಸ್ಪೀಕರ್ ಪ್ಯಾರಲಲ್.

ಉಳಿದಿದ್ದು

ರ್ಯಾಕ್ ಅಂತ ಹೋಗಿ ಮೈಕ್‌ಸೆಟ್ಟಿನ ಪಿಎ ಆಂಪಿಗೆ ಗಿಟಾರ್ ನೇರ ಚುಚ್ಚಿದ್ರೆ ಸತ್ತ ಸೌಂಡ್ ಬರ್ತದೆ, ಮಾವನ ಮನೇಲಿ ಮಾಡಿ ನೋಡ್ದೆ. ಅದು ಲೈನ್ ಲೆವೆಲ್ (ಮಿಕ್ಸರಿಂದ ಬರೋಷ್ಟು ಜೋರಿನ ಸಿಗ್ನಲ್) ಕಾಯ್ತಾ ಇರ್ತದೆ, ಗಿಟಾರ್ ತಂತಿ ಕೆಳಗಿರೋ ಪಿಕಪ್ಪಿಂದ ಬರೋದು ಅದಕ್ಕೆ ಸಾಕಾಗಲ್ಲ, ಮಧ್ಯ ಪ್ರಿಆಂಪ್ ಬೇಕೇ ಬೇಕು. ಟ್ಯೂಬ್ ಆಂಪ್ ಆದ್ರೆ ಓಮ್ ಸರಿಯಾಗಿ ಹೊಂದಬೇಕು, ಸ್ಪೀಕರ್ ಇಲ್ಲದೆ ಅದನ್ನ ಯಾವತ್ತೂ ಓಡಿಸ್ಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗ್ತದೆ. ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ರ್ಯಾಕ್ ಆದ್ರೆ ಹಿಂದ್ಗಡೆ 120 ವೋಲ್ಟ್ ಅಂತ ಇದೆಯಾ ನೋಡಿ, ನಮ್ಮದು 230.

ಮಳೆಗಾಲದ್ದು ಬೇರೆ ಪಾಠ. ಜೂನಿಂದ ಸೆಪ್ಟೆಂಬರ್ ತನಕ ಗೋದಾಮಲ್ಲಿ ಬಿಟ್ಟಿದ್ದೆಲ್ಲ ಬೂಷ್ಟು, ಜ್ಯಾಕು ಕರಕರ ಅನ್ನತ್ತೆ. ಫ್ಯಾನ್ ಇರೋ ರ್ಯಾಕ್ ಆಂಪ್ ಆ ತೇವದ ಗಾಳಿನ, ಮಳೆಹುಳುನ, ಎಲ್ಲಾನೂ ಒಳಗೆ ಎಳ್ಕೊಳ್ತದೆ. ಚಿಕ್ಕದಾದ್ರೆ ಬ್ಯಾಗಲ್ಲಿ ಹಾಕ್ಕೊಂಡು ಮನೆಗೆ ತರಬಹುದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಲಿಡಬಹುದು. ಮಂಡಗದ್ದೆ ದಾರಿಯ ಬಸ್ಸಲ್ಲಿ 4ಯು ಕೇಸ್ ಕಾಲ ಮೇಲಿಟ್ಕೊಂಡು ಒಂದು ಸಲ ಹೋಗಿದೀನಿ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ್ರು, ಇಳಿಯೋವಾಗ ಕಾಲು ಜೋಮು.

ಸ್ಟೀರಿಯೋ ಬೇಕು, ಎರಡು ಕ್ಯಾಬ್ ಇದೆ, ಮನೇಲಿ ಓಮ್ನಿ ಇದೆ ಅನ್ನೋರು ರ್ಯಾಕ್ ತಗೊಳ್ಳಿ, ಎರಡು ಚಾನೆಲ್ಲಿಗೆ ಎರಡು ಕ್ಯಾಬ್ ಬೇರೆ ಬೇರೆ ಹಾಕಿ ಬ್ರಿಡ್ಜ್ ಸ್ವಿಚ್ ಮುಟ್ಟಬೇಡಿ. ನನಗಿರೋದು ಒಂದೇ ಕ್ಯಾಬ್, 8 ಓಮ್, ಬಸ್ಸು. ಪುಟ್ಟದ್ದೇ ತಗೊಳ್ತೀನಿ, 170ರದ್ದು, ಮುಂದೆ ಗೆಳೆಯ ಇನ್ನೊಂದು 8 ಓಮ್ ಕ್ಯಾಬ್ ತಂದ್ರೂ 4 ಓಮಿಗೆ ನಡೀತದೆ. 44ರದ್ದಕ್ಕೆ ಕನಿಷ್ಠ 8 ಓಮ್, ಅಲ್ಲಿಗೆ ನಿಲ್ತದೆ. ದುಡ್ಡು ಇನ್ನೂ ಪೂರ್ತಿ ಕೂಡಿಲ್ಲ, ಸದ್ಯಕ್ಕೆ ಸ್ಪೀಕರ್ ಕೇಬಲ್ ಮಾತ್ರ ತಂದಿಟ್ಟಿದೀನಿ. ನೋಡೋಕೆ ಗಿಟಾರ್ ಕೇಬಲ್ ಥರಾನೇ ಇದೆ, ಒಳಗೆ ಎರಡು ದಪ್ಪ ತಂತಿ, ಅದಲು ಬದಲು ಆಗ್ಬಾರ್ದು ಅಂತ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದೀನಿ.