ದಿನಾ ಸ್ನಾನ ಮಾಡಿಸದಿದ್ದರೆ ಕೂಸಿನ ಮೈಯಲ್ಲಿ ಕೊಳೆ ಸೇರಲ್ವಾ?

ಪ್ರಶ್ನೆ: ನಮ್ಮ ಮಗು ಹುಟ್ಟಿ 11 ದಿನ ಆಯಿತು. ದಿನಾ ಸ್ನಾನ ಬೇಡ ಅಂತ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ. ಆದರೆ ಕೈಕಾಲಿನಿಂದ ಬಿಳಿ ಸಿಪ್ಪೆ ಏಳುತ್ತಿದೆ, ಕತ್ತಿನ ಮಡಿಕೆಯಲ್ಲೂ ಬೆಳ್ಳಗೆ ಏನೋ ಕೂತಿದೆ. ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದರೆ ಹೋಗುತ್ತದಲ್ವಾ? ಸ್ನಾನ ಬಿಟ್ಟರೆ ಕೊಳೆ ಸೇರಿಕೊಳ್ಳಲ್ವಾ?

ಉತ್ತರ: ದಿನಾ ಸ್ನಾನ ಬೇಕಿಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ಮುಖ, ಕತ್ತು, ಕಂಕುಳು ಮತ್ತು ಡೈಪರ್ ಕಟ್ಟುವ ಜಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಸೋಪು ಬೇಡ. ತಿಕ್ಕುವುದಂತೂ ಬೇಡವೇ ಬೇಡ. ಕತ್ತಿನ ಮಡಿಕೆಯಲ್ಲಿ ಕೂತಿರುವುದು ಹೆಚ್ಚಾಗಿ ಬಾಯಿಂದ ಇಳಿದು ಒಣಗಿದ ಹಾಲು. ಅದನ್ನು ಮಾತ್ರ ದಿನಾ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅಲ್ಲಿ ಚರ್ಮ ಕೆಂಪಾಗುತ್ತದೆ. ಸಿಪ್ಪೆಯನ್ನು ಮುಟ್ಟಬೇಡಿ.

ಪ್ರಶ್ನೆಗೆ ಉತ್ತರ ಇಷ್ಟೇ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರನ್ನು ದೂರುವುದಿಲ್ಲ. ಮೊದಲ ಮಗು, ನಿದ್ದೆಯಿಲ್ಲದ ರಾತ್ರಿ, ಮನೆಗೆ ಬಂದವರೆಲ್ಲ ಒಂದೊಂದು ಸಲಹೆ. ಆದರೆ ಈ ಎಲ್ಲ ಪ್ರಶ್ನೆಗಳ ಬುಡದಲ್ಲಿ ಒಂದೇ ನಂಬಿಕೆ ಕೂತಿದೆ: ಕೂಸು ಹುಟ್ಟುವಾಗಲೇ ಕೊಳೆ ಹೊತ್ತು ಬರುತ್ತದೆ, ಅದನ್ನು ತಿಕ್ಕಿ ತೆಗೆದರೆ ಮಾತ್ರ ಚರ್ಮ ಚೆನ್ನಾಗಿರುತ್ತದೆ ಅನ್ನುವುದು. ಈ ನಂಬಿಕೆ ಹೋಗದೆ ನಾನು ಏನು ಹೇಳಿದರೂ ಉಪಯೋಗವಿಲ್ಲ. ಹಾಗಾಗಿ ಇವತ್ತು ಅದನ್ನೇ ಹಿಡಿದುಕೊಳ್ಳುತ್ತೇನೆ.

ಮೊದಲು ಯೋಚಿಸಿ, ಕೊಳೆ ಬರುವುದಾದರೂ ಎಲ್ಲಿಂದ? ಕೂಸು ನೆಲದ ಮೇಲೆ ತೆವಳಿಲ್ಲ, ಮಣ್ಣು ಮುಟ್ಟಿಲ್ಲ. ಬೆವರುವುದೂ ಕಡಿಮೆ. ಗಲೀಜಾಗುವುದು ಎರಡೇ ಕಡೆ. ಹಾಲು ಇಳಿಯುವ ಬಾಯಿ ಮತ್ತು ಕತ್ತು, ಉಚ್ಚೆ ಕಕ್ಕ ಆಗುವ ಡೈಪರ್ ಜಾಗ. ಆ ಎರಡನ್ನೂ ನೀವು ಹೇಗೂ ದಿನಕ್ಕೆ ಹತ್ತಾರು ಸಲ ಒರೆಸುತ್ತಲೇ ಇರುತ್ತೀರಿ.

ಹಾಗಾದರೆ ಹುಟ್ಟಿದ ತಕ್ಷಣ ಮೈಗೆ ಮೆತ್ತಿಕೊಂಡಿರುವ ಆ ಬಿಳಿ ಪದರ ಏನು? ಎಲ್ಲರೂ ಮೊದಲು ಕೊಳೆ ಅನ್ನುವುದು ಅದನ್ನೇ. ಅದರ ಹೆಸರು ವರ್ನಿಕ್ಸ್. ಗರ್ಭದ ಅರ್ಧದಷ್ಟು ದಿನ ಕಳೆಯುವ ಹೊತ್ತಿಗೆ ಅದು ತಯಾರಾಗಲು ಶುರುವಾಗುತ್ತದೆ. ಮಗುವಿನ ಚರ್ಮದ ಜಿಡ್ಡಿನ ಗ್ರಂಥಿಗಳಿಂದ ಬರುವ ಕೊಬ್ಬು, ಉದುರಿದ ಚರ್ಮದ ಕಣಗಳು, ಇವೆರಡೂ ಸೇರಿ ಆಗುವ ಪದರ ಅದು. ಸುಮಾರು ಶೇ 80ರಷ್ಟು ನೀರು, ಉಳಿದದ್ದರಲ್ಲಿ ಅರ್ಧ ಕೊಬ್ಬು, ಅರ್ಧ ಪ್ರೋಟೀನ್. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ಮಗುವಿನ ಚರ್ಮ ನೆನೆದು ಹಾಳಾಗದ ಹಾಗೆ ಅದು ಕಾಯುತ್ತದೆ. ಅದರೊಳಗೆ ಲೈಸೊಝೈಮ್, ಲ್ಯಾಕ್ಟೊಫೆರಿನ್ ಅನ್ನುವ ರೋಗಾಣು ತಡೆಯುವ ಪ್ರೋಟೀನ್‌ಗಳಿವೆ. ತಾಯಿಯ ಹಾಲಿನಲ್ಲೂ ಇರುವಂಥವೇ ಇವು. ತಾಯಿ ಹಾಲನ್ನು ಯಾರಾದರೂ ಕೊಳೆ ಅಂತಾರಾ? ಮತ್ತೆ ಇದನ್ನು ಯಾಕೆ ಹಾಗೆ ಕರೆಯುತ್ತೀರಿ?

ಹುಟ್ಟಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಚರ್ಮದ ತೇವ ಆರದ ಹಾಗೆ ಹಿಡಿದಿಡುತ್ತದೆ. ಉಜ್ಜದೆ ಬಿಟ್ಟರೆ ಕೆಲವೇ ದಿನದಲ್ಲಿ ತಾನಾಗಿ ಇಲ್ಲವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2022ರ ಮಾರ್ಗಸೂಚಿಯಲ್ಲಿ, ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಿ ಅಂತ ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ವರ್ನಿಕ್ಸ್ ಒಂದೇ ಕಾರಣ ಅಲ್ಲ. ಈಗಷ್ಟೇ ಹುಟ್ಟಿದ ಮಗುವಿಗೆ ತನ್ನ ಮೈ ಬಿಸಿಯನ್ನು ಉಳಿಸಿಕೊಳ್ಳುವ ಶಕ್ತಿ ಕಡಿಮೆ. ಮೈ ಒದ್ದೆಯಾದರೆ ಶಾಖ ಬೇಗ ಹೋಗುತ್ತದೆ. ಮೈ ತಣ್ಣಗಾದ ಮಗು ಮಂಕಾಗುತ್ತದೆ, ಸರಿಯಾಗಿ ಹಾಲು ಚೀಪುವುದಿಲ್ಲ. ಹುಟ್ಟಿದ ಕೂಡಲೇ ರಕ್ತ, ಲೋಳೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದರೆ ಸಾಕು. ತಾಯಿಗೆ ರಕ್ತದಿಂದ ಹರಡುವ ಸೋಂಕು ಇದ್ದರೆ ಮಾತ್ರ ಡಾಕ್ಟರ್ ಬೇಗ ತೊಳೆಯಲು ಹೇಳಬಹುದು. ಆಗ ಅವರ ಮಾತೇ ಕೊನೆ.

ಇನ್ನು ಸಿಪ್ಪೆ. ನೀರಿನಲ್ಲಿದ್ದ ಚರ್ಮ ಗಾಳಿಗೆ ಬಂದಿದೆ. ಮೇಲಿನ ಪದರ ಒಣಗುತ್ತದೆ, ಉದುರುತ್ತದೆ, ಅಷ್ಟೇ. ಮಣಿಕಟ್ಟು, ಪಾದ, ಕಾಲಿನ ಗೆಣ್ಣಿನಲ್ಲಿ ಜಾಸ್ತಿ ಕಾಣುತ್ತದೆ. ದಿನ ತುಂಬಿದ ಮೇಲೂ ಒಳಗೇ ಉಳಿದು ತಡವಾಗಿ ಹುಟ್ಟಿದ ಮಕ್ಕಳಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅವರ ವರ್ನಿಕ್ಸ್ ಹೊಟ್ಟೆಯಲ್ಲೇ ಬಹುತೇಕ ಕರಗಿರುತ್ತದೆ. ಎರಡು ಮೂರು ವಾರದಲ್ಲಿ ತಾನೇ ನಿಲ್ಲುತ್ತದೆ.

ನಿಮ್ಮ ಮಗುವಿನ ಮಣಿಕಟ್ಟಿನ ಗೆರೆಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ. ಅಲ್ಲೊಂದು ಸಿಪ್ಪೆ ಅರ್ಧ ಎದ್ದಿರುತ್ತದೆ. ಒಂದು ಅಂಚು ಬಿಟ್ಟಿದೆ, ಇನ್ನೊಂದು ಅಂಚು ಹಿಡಿದುಕೊಂಡಿದೆ. ಬಿಟ್ಟಿರುವ ಕಡೆ ಕೆಳಗಿನ ಚರ್ಮ ತಯಾರಾಗಿದೆ. ಹಿಡಿದಿರುವ ಕಡೆ ಇನ್ನೂ ಆಗಿಲ್ಲ. ನೀವು ಬಟ್ಟೆಯಲ್ಲಿ ತಿಕ್ಕಿದಾಗ ಆ ಹಿಡಿದಿರುವ ಭಾಗವೂ ಕಿತ್ತು ಬರುತ್ತದೆ. ಕೆಳಗೆ ಕೆಂಪಗೆ, ಒದ್ದೆ ಒದ್ದೆಯಾಗಿ ಕಾಣುವುದು ಗಾಯ. ರೋಗಾಣು ಒಳಗೆ ಬರಲು ಬಾಗಿಲು ತೆಗೆದ ಹಾಗಾಯಿತು.

ಸೋಪಿನ ವಿಷಯಕ್ಕೆ ಬರೋಣ. ಚರ್ಮದ ಹೊರಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಕಣಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಎಳೆ ಮಕ್ಕಳಲ್ಲಿ ಈ ಪದರ ದೊಡ್ಡವರಿಗಿಂತ ಸುಮಾರು ಶೇ 30ರಷ್ಟು ತೆಳು. ಸೋಪು ಜಿಡ್ಡನ್ನು ತೆಗೆಯುವುದಕ್ಕೇ ಇರುವುದು. ಬೇಡದ ಜಿಡ್ಡು ಯಾವುದು, ಬೇಕಾದ ಗಾರೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ ಪಿಎಚ್, ಅಂದರೆ ಹುಳಿ ಎಷ್ಟಿದೆ ಅಂತ ತೋರಿಸುವ ಅಳತೆ. ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಹುಟ್ಟಿದಾಗ ಮಗುವಿನ ಚರ್ಮದ ಪಿಎಚ್ ಹೆಚ್ಚು ಕಡಿಮೆ 7ರ ಹತ್ತಿರ ಇರುತ್ತದೆ. ಮುಂದಿನ ದಿನ, ವಾರಗಳಲ್ಲಿ ಅದು ನಿಧಾನವಾಗಿ 5.5ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಸ್ವಲ್ಪ ಹುಳಿಯಾಗುತ್ತದೆ. ಗಾರೆ ಗಟ್ಟಿಯಾಗಲು, ಕೆಟ್ಟ ರೋಗಾಣುಗಳು ನೆಲೆ ನಿಲ್ಲದಿರಲು ಈ ಹುಳಿ ಬೇಕು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಹುಳಿಯಾಗಲು ಹೊರಟ ಚರ್ಮವನ್ನು ಪ್ರತಿ ಸಲ ಹಿಂದಕ್ಕೆ ಎಳೆದ ಹಾಗೆ ಆಗುತ್ತದೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಇದ್ದ ಮಾತ್ರಕ್ಕೆ ಸೋಪಿನ ಗುಣ ಬದಲಾಗುವುದಿಲ್ಲ. ಮೊದಲ ಕೆಲವು ವಾರ ಬರೀ ನೀರೇ ಒಳ್ಳೆಯದು. ಕಕ್ಕ ಮೆತ್ತಿಕೊಂಡು ನೀರಿಗೆ ಹೋಗದಿದ್ದರೆ ಪರಿಮಳವಿಲ್ಲದ, ಪಿಎಚ್ 5.5ರ ಹತ್ತಿರ ಇರುವ ಲಿಕ್ವಿಡ್ ಕ್ಲೆನ್ಸರನ್ನು ಆ ಜಾಗಕ್ಕೆ ಮಾತ್ರ ಒಂದೆರಡು ತೊಟ್ಟು ಹಾಕಿ. ನೊರೆ ಬರದಿದ್ದರೆ ತೊಳೆದ ಹಾಗೇ ಅನ್ನಿಸಲ್ಲ ಅಂತ ಕೆಲವರು ಬರೆಯುತ್ತಾರೆ. ಅನ್ನಿಸದಿದ್ದರೂ ಪರವಾಗಿಲ್ಲ.

ಕೆಂಪು ಗುಳ್ಳೆಯ ಬಗ್ಗೆಯೂ ಇದೇ ಮಾತು. ಅವಧಿ ತುಂಬಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಮೊದಲ ಕೆಲವು ದಿನಗಳಲ್ಲಿ ಕೆಂಪು ಮಚ್ಚೆ, ನಡುವೆ ಸಣ್ಣ ಹಳದಿ ಚುಕ್ಕೆ ಬರುತ್ತವೆ. ಇವತ್ತು ಎದೆ ಮೇಲೆ, ನಾಳೆ ಬೆನ್ನ ಮೇಲೆ. ಒಂದೆರಡು ವಾರದಲ್ಲಿ ಹೋಗುತ್ತವೆ. ಮೂಗಿನ ಮೇಲಿನ ಬಿಳಿ ಕಾಳುಗಳೂ ಅಷ್ಟೇ. ಇವು ಯಾವುವೂ ಸ್ನಾನ ಕಮ್ಮಿಯಾಗಿ ಬಂದವಲ್ಲ, ಸ್ನಾನ ಜಾಸ್ತಿ ಮಾಡಿಸಿದರೆ ಹೋಗುವುದೂ ಇಲ್ಲ. ಕೀವು ತುಂಬಿದ ಗುಳ್ಳೆ, ನೀರು ತುಂಬಿದ ಬೊಬ್ಬೆ, ಹೊಕ್ಕುಳ ಸುತ್ತ ಕೆಂಪು ಹರಡುವುದು, ಜ್ವರ, ಹಾಲು ಕುಡಿಯದಿರುವುದು ಕಂಡರೆ ಮಾತ್ರ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮರುದಿನ ನೋಡೋಣ ಅನ್ನಬೇಡಿ.

ಸ್ನಾನ ಮಾಡಿಸುವ ದಿನ ಹೇಗೆ ಮಾಡಿಸಬೇಕು? ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ ಬೀಳುತ್ತದೆ. ಅಲ್ಲಿಯವರೆಗೆ ಒರೆಸುವ ಸ್ನಾನ ಸಾಕು, ಬಳ್ಳಿಗೆ ಏನೂ ಹಚ್ಚದೆ ಒಣಗಲು ಬಿಡಿ, ಡೈಪರನ್ನು ಅದರ ಕೆಳಗೆ ಮಡಚಿ ಕಟ್ಟಿ. ಬಿದ್ದ ಮೇಲೆ ಟಬ್. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಟವೆಲು, ಬಟ್ಟೆ, ಡೈಪರ್ ಎಲ್ಲ ಕೈಗೆ ಸಿಗುವ ಹಾಗೆ ಮೊದಲೇ ಇಟ್ಟುಕೊಳ್ಳಿ. ಉಂಗುರ, ಬಳೆ, ವಾಚು ತೆಗೆದಿಡಿ. ನೀರು 37ರಿಂದ 38 ಡಿಗ್ರಿ ಸೆಲ್ಸಿಯಸ್ ಇರಲಿ, ಆಳ 5 ಸೆಂಟಿಮೀಟರ್ ಸಾಕು. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ. ಬೆರಳಿನಿಂದ ನೋಡಬೇಡಿ, ಕೆಲಸ ಮಾಡಿ ಒರಟಾದ ಬೆರಳಿಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

ಟಬ್ಬಿಗೆ ಇಳಿಸುವ ಮೊದಲೇ ಮುಖ ಒರೆಸಿಬಿಡಿ. ಕಣ್ಣನ್ನು ಮೂಗಿನ ಕಡೆಯಿಂದ ಹೊರಗೆ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಕಿವಿಯೊಳಗೆ ಏನೂ ಹಾಕಬೇಡಿ. ಎಡಗೈಯನ್ನು ಮಗುವಿನ ಕತ್ತಿನ ಹಿಂದಿನಿಂದ ಹಾಯಿಸಿ, ಆಚೆ ಕಡೆಯ ತೋಳನ್ನು ಕಂಕುಳ ಹತ್ತಿರ ಹಿಡಿದುಕೊಳ್ಳಿ. ತಲೆ ನಿಮ್ಮ ಮುಂದೋಳಿನ ಮೇಲೆ ಕೂರುತ್ತದೆ, ಬಲಗೈ ಪೂರ್ತಿ ಖಾಲಿ ಇರುತ್ತದೆ. ಒದ್ದೆ ಮಗು ಜಾರುತ್ತದೆ, ಈ ಹಿಡಿತ ಸ್ನಾನ ಮುಗಿಯುವ ತನಕ ಬಿಡಬಾರದು. ಹೆಣ್ಣು ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ, ಗಂಡು ಮಗುವಿನ ಮುಂದೊಗಲನ್ನು ಹಿಂದಕ್ಕೆ ಎಳೆಯಬೇಡಿ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಸಿ. ಒರೆಸುವಾಗ ಟವೆಲನ್ನು ಒತ್ತಿ ಒತ್ತಿ ತೆಗೆಯಿರಿ. ತೊಡೆಯ ಸಂದು, ಕತ್ತಿನ ಮಡಿಕೆ, ಕಿವಿಯ ಹಿಂದೆ ಬಿಡಿಸಿ ನೋಡಿ. ತೇವ ಉಳಿಯುವುದು ಅಲ್ಲೇ. ಫೋನ್ ರಿಂಗಾದರೆ ಆಗಲಿ. ಮಗು ಮುಳುಗಲು ಒಂದು ಗೇಣು ನೀರು ಕೂಡ ಬೇಕಿಲ್ಲ, ಅದಕ್ಕಿಂತ ಕಡಿಮೆಯೇ ಸಾಕು.

ನೀವು ಕೇಳಲಿಲ್ಲ, ಆದರೆ ಹೇಳದೆ ಬಿಡಲು ಮನಸ್ಸು ಬರುತ್ತಿಲ್ಲ. ಚರ್ಮದ ಮೇಲೆ ಹಚ್ಚಿದ್ದು ಮೈಯೊಳಗೆ ಹೋಗುತ್ತದಾ? ಹೋಗುತ್ತದೆ. 1972ರಲ್ಲಿ ಫ್ರಾನ್ಸ್‌ನಲ್ಲಿ ಒಂದು ಮಕ್ಕಳ ಪೌಡರಿಗೆ ತಯಾರಿಸುವಾಗ ತಪ್ಪಿ ಹೆಕ್ಸಾಕ್ಲೋರೋಫೀನ್ ಎಂಬ ರೋಗಾಣುನಾಶಕ ಶೇ 6ಕ್ಕೂ ಹೆಚ್ಚು ಸೇರಿಹೋಯಿತು. ಯಾವ ಮಗುವೂ ಅದನ್ನು ನುಂಗಿರಲಿಲ್ಲ. ಡೈಪರ್ ಜಾಗಕ್ಕೆ ಹಚ್ಚಿದ್ದರು, ಅಷ್ಟೇ. 36 ಜನ ಸತ್ತರು, ಹೆಚ್ಚಿನವರು ಎಳೆ ಮಕ್ಕಳು. ಇದೇ ಪದಾರ್ಥ ಬೆರೆಸಿದ ದ್ರಾವಣದಲ್ಲಿ ಆ ಕಾಲದ ಆಸ್ಪತ್ರೆಗಳು ಹಸುಗೂಸುಗಳಿಗೆ ಸ್ನಾನ ಮಾಡಿಸುತ್ತಿದ್ದವು, ರೋಗಾಣು ಸಾಯಲಿ ಅಂತ. ಮಿದುಳಿಗೆ ಹಾನಿ ಅಂತ ಗೊತ್ತಾದ ಮೇಲೆ ಅಮೆರಿಕದಲ್ಲಿ ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದೇ ವರ್ಷ ಅದರ ಬಳಕೆಗೆ ಕಡಿವಾಣ ಹಾಕಿತು.

ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಯ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡೂವರೆ ಪಟ್ಟು ಜಾಸ್ತಿ. ಡೈಪರ್ ಒಳಗೆ ಚರ್ಮ ಒದ್ದೆಯಾಗಿ, ಮುಚ್ಚಿಕೊಂಡಿರುತ್ತದೆ, ಹೀರಿಕೊಳ್ಳುವುದು ಇನ್ನೂ ಸುಲಭ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಗೋಡೆಯೇ ಪೂರ್ತಿ ಕಟ್ಟಿಲ್ಲ. ಅದಕ್ಕೇ ದೊಡ್ಡವರ ಮುಲಾಮು, ಕರ್ಪೂರ ಇರುವ ಬಾಮು, ಬೋರಿಕ್ ಆಸಿಡ್, ಸ್ಟೀರಾಯ್ಡ್ ಕ್ರೀಮ್ ಕೂಸಿನ ಹತ್ತಿರವೂ ತರಬೇಡಿ. ಪೌಡರ್ ಬೇಡವೇ ಬೇಡ. ಅದರ ಧೂಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಗಾದರೆ ಯಾವ ಕ್ರೀಮ್ ಹಚ್ಚಲಿ ಅಂತೀರಾ? ಆರೋಗ್ಯವಾಗಿರುವ ಮಗುವಿಗೆ ಯಾವುದೂ ಬೇಕಿಲ್ಲ. ಚರ್ಮದ ತೊಂದರೆ ಬಾರದಿರಲಿ ಅಂತ ಸುಮ್ನೆ ದಿನಾ ಕ್ರೀಮ್ ಹಚ್ಚುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಅದೇ 2022ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಕಾಲಿನ ಗೆಣ್ಣಿನಲ್ಲಿ ಒಣಗಿ ಬಿರುಕು ಬಿಟ್ಟಿದ್ದರೆ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಅಲ್ಲಿಗೆ ಮಾತ್ರ ತೆಳ್ಳಗೆ ಸವರಿ. ಬೇರೆ ಯಾರಾದರೂ ಯಾವುದಾದರೂ ಟ್ಯೂಬ್ ತಂದುಕೊಟ್ಟಿದ್ದರೆ, ಹಚ್ಚುವ ಮೊದಲು ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ.